ಗುಡಿಯ ಪಾಯದಲ್ಲಿ ಬಚ್ಚಿಟ್ಟ ಹೆಸರು

(ಏಳನೇ ತರಗತಿ, ಇತಿಹಾಸ ವಿಭಾಗ)



ಹಳೇ ದೇವಸ್ಥಾನದ ಕೆಳಗೆ ಏನಿರುತ್ತೆ ಅಂತ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ. ನಿಧಿ! ಕೊಪ್ಪರಿಗೆ ತುಂಬ ಚಿನ್ನ, ಅದನ್ನು ಕಾಯುವ ಸರ್ಪ. ನಮ್ಮ ತರಗತಿಯಲ್ಲೂ ಹೀಗೆ ನಂಬುವವರು ಇದ್ದಾರೆ, ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಈಜಿಪ್ಟ್ ದೇಶದಲ್ಲಿ ಮೂರು ನಾಲ್ಕು ಸಾವಿರ ವರ್ಷ ಹಳೆಯ ದೇವಸ್ಥಾನಗಳ ಕೆಳಗೆ ನಿಜವಾಗಿಯೂ ಅಗೆದು ನೋಡಿದ್ದಾರೆ. ಅಲ್ಲಿ ಸಿಕ್ಕಿದ್ದು ಏನು ಗೊತ್ತಾ? ಮಣ್ಣಿನ ಕುಡಿಕೆ, ಮರದ ಹಿಡಿಯ ಬಾಚಿ, ಉಳಿ, ಚಾಪೆ, ಬುಟ್ಟಿ, ಎತ್ತಿನ ತಲೆ, ಇಟ್ಟಿಗೆ ಅಚ್ಚು. ಇವೆಲ್ಲವನ್ನೂ ರಾಜರೇ ಮುಂದೆ ನಿಂತು ಹೂಳಿಸಿದ್ದರು. ಏಕೆ ಹೂಳಿಸಿದರು, ಅದರಿಂದ ನಮಗೇನು ತಿಳಿಯಿತು ಎಂಬುದೇ ಈ ಪಾಠ.

ನಮ್ಮಲ್ಲಿ ಮನೆ ಕಟ್ಟುವ ಮುಂಚೆ ಗುದ್ದಲಿ ಪೂಜೆ ಮಾಡುವ ಹಾಗೆ ಅವರಲ್ಲೂ ದೇವಸ್ಥಾನ ಕಟ್ಟುವ ಮುಂಚೆ ಒಂದು ಶಾಸ್ತ್ರ ಇತ್ತು. ಅದಕ್ಕೆ ‘ಹಗ್ಗ ಎಳೆಯುವುದು’ ಎಂದೇ ಹೆಸರು. ಗೋಡೆ ಎಲ್ಲಿ ಬರಬೇಕೋ ಅಲ್ಲಿ ಗೂಟ ಹೊಡೆದು ಹಗ್ಗ ಬಿಗಿಯಾಗಿ ಕಟ್ಟುವುದು. ಗಾರೆ ಕೆಲಸದವರು ನೂಲು ಹಿಡಿಯುತ್ತಾರಲ್ಲ, ಅದೇ ಕೆಲಸ. ಆದರೆ ಅಲ್ಲಿ ಗೂಟ ಹೊಡೆಯುವವನು ಸ್ವತಃ ರಾಜ. ಅವನ ಎದುರು ಇನ್ನೊಂದು ಗೂಟ ಹಿಡಿದು ನಿಂತವಳು ಸೆಶಾತ್ ಎಂಬ ದೇವಿ. ಇವಳು ಬರಹದ ದೇವಿ, ಲೆಕ್ಕ ಮತ್ತು ಅಳತೆಯ ದೇವಿಯೂ ಹೌದು. ತಲೆಯ ಮೇಲೆ ಹೂವಿನ ದಳದ ಹಾಗೆ ಒಂದು ಗುರುತು ಇರುತ್ತದೆ. (ಎಡಗಡೆ ನಾನು ಬಿಡಿಸಿರುವ ಚಿತ್ರ ನೋಡಿ. ಗೂಟ ಸ್ವಲ್ಪ ದಪ್ಪ ಆಗಿದೆ.)

ಈ ಶಾಸ್ತ್ರ ಬಹಳ ಹಳೆಯದು. ಪಿರಮಿಡ್ ಕಟ್ಟುವ ಮೊದಲೇ, ಎರಡನೇ ರಾಜವಂಶದ ಖಾಸೆಖೆಮ್ವಿ ಎಂಬ ರಾಜನ ಕಾಲದ ಒಂದು ಗ್ರಾನೈಟ್ ಕಲ್ಲಿನ ಮೇಲೆ ಇದರ ಚಿತ್ರ ಇದೆ. ಕೊನೆಯ ಕಾಲದ ಎಡ್ಫು ದೇವಸ್ಥಾನದ ಗೋಡೆಯ ಮೇಲೆ ಪೂರ್ತಿ ವಿವರವನ್ನೇ ಕೆತ್ತಿದ್ದಾರೆ. ಎಡ್ಫು ದೇವಸ್ಥಾನಕ್ಕೆ ಪಾಯ ಹಾಕಿದ್ದು ಕ್ರಿ.ಪೂ. 237ನೇ ಆಗಸ್ಟ್ 23ರಂದು. ಕೆಲಸ ಮುಗಿದದ್ದು ಕ್ರಿ.ಪೂ. 57ರಲ್ಲಿ. ಲೆಕ್ಕ ಹಾಕಿ ನೋಡಿ, 180 ವರ್ಷ! ಪಾಯ ಹಾಕಿದವರ ಮರಿಮಕ್ಕಳೂ ಕಳಶ ನೋಡಿರಲಾರರು. (ಅವರಲ್ಲಿ ಕಳಶ ಇಲ್ಲ, ಮಾತಿಗೆ ಹೇಳಿದೆ.)

ಎಡ್ಫು ಬರಹದ ಪ್ರಕಾರ ರಾಜ ರಾತ್ರಿ ಹೊತ್ತು ಆಕಾಶ ನೋಡಿ ದೇವಸ್ಥಾನದ ನಾಲ್ಕು ಮೂಲೆ ಗೊತ್ತುಮಾಡುತ್ತಿದ್ದ. ನಾವು ಸಪ್ತರ್ಷಿ ಮಂಡಲ ಅನ್ನುವ ನಕ್ಷತ್ರಗಳನ್ನೇ ಅವನು ನೋಡುತ್ತಿದ್ದದ್ದು. ಅವರ ಕಣ್ಣಿಗೆ ಅದು ಏಳು ಋಷಿಗಳಲ್ಲ, ಎತ್ತಿನ ಮುಂಗಾಲು. ನಾನು ಆಮೇಲೆ ಆಕಾಶ ನೋಡಿದೆ. ಕಾಲು ಅಂದುಕೊಂಡು ನೋಡಿದರೆ ಕಾಲೇ ಕಾಣುತ್ತದೆ.

ಹಗ್ಗ ಕಟ್ಟಿದ ಮೇಲೆ ಗೆರೆಯ ಮೇಲೆ ಬಿಳಿ ಪುಡಿ ಚೆಲ್ಲುವುದು, ಗುದ್ದಲಿ ಹಿಡಿದು ಪಾಯ ತೆಗೆಯುವುದು. ಎಷ್ಟು ಆಳ? ಕೆಳಗೆ ನೀರಿನ ಒಸರು ಕಾಣುವವರೆಗೆ ಎಂದು ಬರಹ ಹೇಳುತ್ತದೆ. ಇದಕ್ಕೆ ಅವರ ಒಂದು ನಂಬಿಕೆ ಕಾರಣ. ಸೃಷ್ಟಿಗೆ ಮೊದಲು ಎಲ್ಲೆಲ್ಲೂ ‘ನುನ್’ ಎಂಬ ನೀರೇ ಇತ್ತು, ಆ ನೀರಿನಿಂದ ಮೊದಲ ದಿಬ್ಬ ಮೇಲೆ ಬಂತು, ಪ್ರತಿಯೊಂದು ದೇವಸ್ಥಾನವೂ ಆ ಮೊದಲ ದಿಬ್ಬವೇ ಎಂದು ಅವರು ತಿಳಿದಿದ್ದರು. ಅದಕ್ಕೇ ಪಾಯದ ಅಡಿಯಲ್ಲಿ ನೀರು ಮುಟ್ಟಬೇಕು. ಆಮೇಲೆ ಅದರ ಮೇಲೆ ಶುದ್ಧ ಮರಳು ತುಂಬುವುದು. ಮರಳು ಏಕೆ ಅಂದರೆ ಅದನ್ನು ಯಾರೂ ಉಳದ, ಬಿತ್ತದ, ಮೈಲಿಗೆಯಾಗದ ಮಣ್ಣು ಎಂದು ಭಾವಿಸಿದ್ದರು. ಜೊತೆಗೆ ಸುತ್ತ ಗಟ್ಟಿ ಅಂಚಿದ್ದರೆ ಮರಳು ಅತ್ತಿತ್ತ ಸರಿಯದೆ ಭಾರ ಹೊರುತ್ತದೆ. ಭಕ್ತಿಯೂ ಆಯಿತು, ಕೆಲಸವೂ ಗಟ್ಟಿಯಾಯಿತು. ಮೊದಲನೇ ಇಟ್ಟಿಗೆಯನ್ನು ರಾಜನೇ ಅಚ್ಚಿನಲ್ಲಿ ಕೊಯ್ಯುತ್ತಿದ್ದ. ಕೊನೆಗೆ ನ್ಯಾಟ್ರಾನ್ ಎಂಬ ಉಪ್ಪಿನಿಂದ ಜಾಗ ಶುದ್ಧಿ ಮಾಡಿ, ಗುಡಿಯನ್ನು ದೇವರಿಗೆ ಒಪ್ಪಿಸುವುದು.

ಇವುಗಳ ನಡುವೆಯೇ ನಮ್ಮ ಮುಖ್ಯ ವಿಷಯ ಬರುತ್ತದೆ. ಕಟ್ಟಡದ ಮೂಲೆಗಳಲ್ಲಿ, ಮುಖ್ಯ ಬಾಗಿಲ ನೇರಕ್ಕೆ, ದೊಡ್ಡ ಗೋಡೆಗಳ ಕೆಳಗೆ ಗುಂಡಿ ತೋಡಿ ಪೂಜೆಯ ಸಾಮಾನು ಹೂಳುತ್ತಿದ್ದರು. ಇವನ್ನು ಪಾಯದ ಗುಂಡಿ ಎಂದು ಕರೆಯೋಣ.

ಗುಂಡಿಯಲ್ಲಿ ಇಡುತ್ತಿದ್ದ ಸಾಮಾನು ಕಾಲಕಾಲಕ್ಕೆ ಬದಲಾಗಿದೆ. ಸುಮಾರು 4000 ವರ್ಷಗಳ ಹಿಂದೆ ಮೆಂಟುಹೋಟೆಪ್ ಎಂಬ ರಾಜ ಕಟ್ಟಿಸಿದ ದೇಗುಲದ ಮೂಲೆಗಳಲ್ಲಿ ಎತ್ತಿನ ಎಲುಬು ಮತ್ತು ಹಸಿ ಇಟ್ಟಿಗೆಗಳು ಸಿಕ್ಕವು. ಇಟ್ಟಿಗೆ ಒಡೆದರೆ ಹೊಟ್ಟೆಯೊಳಗೆ ಸಣ್ಣ ಹಲಗೆ! ಒಂದರಲ್ಲಿ ಕಲ್ಲಿನದು, ಒಂದರಲ್ಲಿ ಲೋಹದ್ದು. ಅದರ ಮೇಲೆ ರಾಜನ ಹೆಸರು. ಮುಂದಿನ ಕಾಲದಲ್ಲಿ ಸಾಮಾನು ಹೆಚ್ಚಾಯಿತು. ರೊಟ್ಟಿ, ಮಾಂಸ, ಬಾತುಕೋಳಿ, ಎಣ್ಣೆ ತುಂಬಿದ ಭರಣಿ, ಅರೆಯುವ ಕಲ್ಲು, ಮಣಿ, ಕಟ್ಟಡಕ್ಕೆ ಬಳಸಿದ ಕಲ್ಲು ಲೋಹಗಳ ಚೂರು, ಕೆಲಸಗಾರರ ಉಪಕರಣಗಳ ಮಾದರಿ. ಚಿನ್ನ ಇರಲೇ ಇಲ್ಲವಾ ಅಂತ ಕೇಳುತ್ತೀರಿ. ಕೆಲವು ಗುಂಡಿಗಳಲ್ಲಿ ಇತ್ತು, ತೆಳ್ಳಗೆ ತಟ್ಟಿದ ಸಣ್ಣ ಹಲಗೆ ಅಥವಾ ರೇಕು. ಅಷ್ಟೇ.

ಉಪಕರಣ ಇಟ್ಟದ್ದು ಏಕೆಂದರೆ, ಚಿಕ್ಕ ಮಾದರಿಯೂ ದೇವರ ಲೋಕದಲ್ಲಿ ನಿಜವಾದ ಉಪಕರಣದಂತೆ ಕೆಲಸ ಮಾಡುತ್ತದೆ ಎಂಬ ನಂಬಿಕೆ. ಗುಡಿ ಎಂದೆಂದಿಗೂ ಕಟ್ಟುತ್ತಲೇ, ರಿಪೇರಿಯಾಗುತ್ತಲೇ ಇರಬೇಕು ಎಂದು ಹೀಗೆ ಮಾಡಿದರು ಎಂಬುದು ವಿದ್ವಾಂಸರ ಅಭಿಪ್ರಾಯ. ಹೆಸರಿನ ಹಲಗೆ ಇಟ್ಟದ್ದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಈಜಿಪ್ಟಿನವರಿಗೆ ಹೆಸರು ಅಂದರೆ ಮನುಷ್ಯನ ಒಂದು ಭಾಗ. ಕೈ ಕಾಲು ಇದ್ದ ಹಾಗೆ. ಸತ್ತ ಮೇಲೂ ಹೆಸರು ಉಳಿದಿದ್ದರೆ ಅವನು ಬದುಕಿರುತ್ತಾನೆ. ಹೆಸರು ಅಳಿಸಿದರೆ ಅವನು ಎರಡನೇ ಸಲ ಸತ್ತ ಹಾಗೆ. ಅದಕ್ಕೇ ರಾಜನ ಹೆಸರಿನ ಸುತ್ತ ಹಗ್ಗದ ಕುಣಿಕೆಯಂತೆ ಒಂದು ಉದ್ದನೆಯ ದುಂಡು ಗೆರೆ ಹಾಕುತ್ತಿದ್ದರು. ಅದನ್ನು ಕಾರ್ತೂಷ್ ಎನ್ನುತ್ತಾರೆ. ಹೆಸರಿಗೆ ಅದು ಕಾವಲು.

ಈಗ ಒಬ್ಬ ರಾಣಿಯ ಕಥೆ. ಈ ಲೇಖನ ಬರೆಯಲು ನನಗೆ ಮನಸ್ಸಾದದ್ದೇ ಇವಳಿಂದ.

ಇವಳ ಹೆಸರು ಹಟ್‌ಶೆಪ್ಸುಟ್. ಸುಮಾರು ಕ್ರಿ.ಪೂ. 1479ರಿಂದ 1458ರವರೆಗೆ ಇವಳ ಕಾಲ. ಗಂಡ ಸತ್ತಾಗ ಸವತಿಯ ಮಗ ಮೂರನೇ ಥುಟ್‌ಮೋಸ್ ಇನ್ನೂ ಚಿಕ್ಕ ಹುಡುಗ. ಮೊದಲು ಅವನ ಪರವಾಗಿ ಆಡಳಿತ ನೋಡಿಕೊಂಡಳು. ಕೆಲವು ವರ್ಷಗಳ ನಂತರ ತಾನೇ ರಾಜ ಎಂದು ಪಟ್ಟ ಕಟ್ಟಿಕೊಂಡಳು. ರಾಣಿ ಅಲ್ಲ, ರಾಜ! ವಿಗ್ರಹಗಳಲ್ಲಿ ಗಂಡಸಿನ ಉಡುಪು, ಗದ್ದಕ್ಕೆ ರಾಜರು ಕಟ್ಟಿಕೊಳ್ಳುವ ಕಟ್ಟುಗಡ್ಡ. ಮಾಆತ್‌ಕರೆ ಎಂಬುದು ಅವಳ ಪಟ್ಟದ ಹೆಸರು. ನೈಲ್ ನದಿಯ ಪಶ್ಚಿಮ ದಡದಲ್ಲಿ, ಈಗಿನ ಲಕ್ಸರ್ ಊರಿನ ಎದುರಿಗೆ, ದೇರ್ ಎಲ್ ಬಹ್ರಿ ಎಂಬಲ್ಲಿ ಬೆಟ್ಟದ ಬುಡಕ್ಕೆ ಮೂರು ಅಂತಸ್ತಿನ ದೇವಸ್ಥಾನ ಕಟ್ಟಿಸಿದಳು. ಪಡಸಾಲೆಯ ಕಂಬಗಳು ಸಾಲಾಗಿ ನಿಂತು ಬಹಳ ಚೆಂದ ಕಾಣುತ್ತವೆ. ಅದಕ್ಕೆ ಅವಳಿಟ್ಟ ಹೆಸರು ಜೆಸೆರ್ ಜೆಸೆರು, ಅಂದರೆ ಪವಿತ್ರಗಳಲ್ಲೆಲ್ಲ ಪವಿತ್ರವಾದದ್ದು.

ಅವಳು ಸತ್ತು ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಮೂರನೇ ಥುಟ್‌ಮೋಸ್ ಅವಳ ಹೆಸರನ್ನು ಅಳಿಸಲು ಅಪ್ಪಣೆ ಮಾಡಿದ. ಗೋಡೆಗಳ ಮೇಲೆ ಅವಳ ಚಿತ್ರ ಇದ್ದ ಕಡೆ ಉಳಿಯಿಂದ ಕೆತ್ತಿ ತೆಗೆದರು. ಕಾರ್ತೂಷ್ ಒಳಗಿನ ಹೆಸರು ಉಜ್ಜಿ ಅವಳ ಅಪ್ಪನ ಹೆಸರೋ, ಗಂಡನ ಹೆಸರೋ, ಥುಟ್‌ಮೋಸನ ಹೆಸರೋ ಬರೆದರು. ವಿಗ್ರಹಗಳನ್ನು ಒಡೆದು ಹತ್ತಿರದ ಹಳ್ಳಕ್ಕೆ, ಕಲ್ಲು ಕ್ವಾರಿಗೆ ಹಾಕಿದರು. (ವಿಗ್ರಹ ಒಡೆದದ್ದೆಲ್ಲ ಸಿಟ್ಟಿನಿಂದ ಅಲ್ಲ, ಹಳೇ ವಿಗ್ರಹದ ಶಕ್ತಿ ತೆಗೆಯುವ ಪದ್ಧತಿಯೂ ಇತ್ತು ಎಂದು ಕೆಲವು ಸಂಶೋಧಕರು ಈಗ ಹೇಳುತ್ತಾರೆ. ಇರಬಹುದು. ಆದರೆ ಗೋಡೆಯ ಹೆಸರು ಉಜ್ಜಿದ್ದು ಮಾತ್ರ ಹೆಸರು ಹೋಗಲಿ ಅಂತಲೇ.) ಮುಂದೆ ಗೋಡೆಗಳ ಮೇಲೆ ಕೆತ್ತಿಸಿದ ರಾಜರ ಪಟ್ಟಿಗಳಲ್ಲೂ ಅವಳನ್ನು ಬಿಟ್ಟರು.

1829ರಲ್ಲಿ ಶಾಂಪೋಲಿಯನ್ ಎಂಬ ಫ್ರಾನ್ಸಿನ ವಿದ್ವಾಂಸ ಆ ದೇವಸ್ಥಾನಕ್ಕೆ ಬಂದ. ಈಜಿಪ್ಟಿನ ಚಿತ್ರಲಿಪಿಯನ್ನು ಓದುವುದು ಹೇಗೆಂದು ಕಂಡುಹಿಡಿದವನೇ ಇವನು. ಗೋಡೆಯ ಮೇಲೆ ಗಡ್ಡ ಇರುವ ರಾಜ, ಆದರೆ ಬರಹದಲ್ಲಿ ಕ್ರಿಯಾಪದ, ನಾಮಪದ ಎಲ್ಲ ಸ್ತ್ರೀಲಿಂಗ! ಅವನಿಗೆ ಆಶ್ಚರ್ಯವೋ ಆಶ್ಚರ್ಯ. ನೋಡಿ, ವ್ಯಾಕರಣ ಎಲ್ಲಿ ಉಪಯೋಗಕ್ಕೆ ಬಂತು. ಹೆಸರು ಉಜ್ಜಿದವರು ಲಿಂಗ ಪ್ರತ್ಯಯವನ್ನು ಎಲ್ಲ ಕಡೆ ಉಜ್ಜಲು ಮರೆತಿದ್ದರು.

ಗೋಡೆಗಳ ಕಥೆ ಹೀಗಾಯಿತು. ಪಾಯದ ಗುಂಡಿಗಳ ಕಥೆ ಏನು? 1890ರ ದಶಕದಲ್ಲಿ ಮತ್ತು ಆಮೇಲೆ 1920ರ ದಶಕದಲ್ಲಿ ಅಲ್ಲಿ ಅಗೆತ ನಡೆಯಿತು. ಎರಡನೇ ಸಲ ಅಗೆದವರು ಅಮೆರಿಕದ ಮೆಟ್ರೋಪಾಲಿಟನ್ ಮ್ಯೂಸಿಯಂನವರು, ಮುಖ್ಯಸ್ಥರು ವಿನ್‌ಲಾಕ್. ಎರಡೂ ಸೇರಿ ಹತ್ತಕ್ಕಿಂತ ಹೆಚ್ಚು ಗುಂಡಿ ಸಿಕ್ಕವು. ದುಂಡಗೆ ಬಾವಿಯ ಹಾಗೆ ತೋಡಿ, ಒಳಗೆ ಹಸಿ ಇಟ್ಟಿಗೆ ಕಟ್ಟಿದ್ದ ಗುಂಡಿಗಳು. ಸುಮಾರು ಒಂದು ಮೀಟರ್ ಅಗಲ, ಒಂದೂವರೆ ಮೀಟರಿಗಿಂತ ಹೆಚ್ಚು ಆಳ. ಒಳಗೆ ಚಾಪೆ, ಬುಟ್ಟಿ, ಕುಡಿಕೆಗಳು. ಬಾಚಿ, ಉಳಿ, ಕೊಡಲಿ. ಅವುಗಳ ಕಂಚಿನ ಅಲಗನ್ನು ಮರದ ಹಿಡಿಗೆ ಚರ್ಮದ ದಾರದಿಂದ ಸುತ್ತಿ ಕಟ್ಟಿದ್ದಾರೆ. ಸುಮಾರು ಮೂರೂವರೆ ಸಾವಿರ ವರ್ಷ ಆದರೂ ಆ ಚರ್ಮದ ಕಟ್ಟು ಬಿಚ್ಚಿಲ್ಲ! ಮಳೆ ಇಲ್ಲದ ಒಣ ನೆಲ ಆದ್ದರಿಂದ ಮರ, ಚರ್ಮ, ಜೊಂಡು ಯಾವುದೂ ಕೊಳೆಯಲಿಲ್ಲ.

ಇನ್ನೊಂದು ವಿಚಿತ್ರ ಸಾಮಾನು ಇತ್ತು. ಎರಡು ಬಾಗಿದ ಮರದ ಪಟ್ಟಿ, ನಡುವೆ ಅಡ್ಡ ಕಡ್ಡಿಗಳು, ನೆಲದ ಮೇಲೆ ಇಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಇದೇನು? ಭಾರದ ಕಲ್ಲನ್ನು ಇದರ ಮೇಲಿಟ್ಟು ತೂಗಿ ತೂಗಿ ಎತ್ತುತ್ತಿದ್ದರು ಎಂದು ಕೆಲವರು ಹೇಳುತ್ತಾರೆ, ಬೇರೆಯವರು ಒಪ್ಪುವುದಿಲ್ಲ. ನಮ್ಮಲ್ಲಿ ಯಾರಿಗಾದರೂ ಬೇರೆ ಉಪಾಯ ಹೊಳೆದರೆ ಹೇಳಿ.

ಸಗಣಿ ಉರುಳಿಸುವ ಹುಳ ಗೊತ್ತಲ್ಲ? ಆ ಹುಳದ ಆಕಾರದ ಸಣ್ಣ ಸಣ್ಣ ಮುದ್ರೆಗಳು ಮೂರು ಗುಂಡಿಗಳಲ್ಲೇ ಸುಮಾರು 300 ಇದ್ದವು. ಹುಳ ಉಂಡೆ ಉರುಳಿಸುವ ಹಾಗೆ ದೇವರು ಸೂರ್ಯನನ್ನು ಉರುಳಿಸಿಕೊಂಡು ಬರುತ್ತಾನೆ ಎಂದು ಅವರು ತಿಳಿದಿದ್ದರಿಂದ ಆ ಹುಳ ಅವರಿಗೆ ಪವಿತ್ರ. ನಾವು ಕಾಲಲ್ಲಿ ಒದೆಯುತ್ತೇವೆ.

ಈ ಸಾಮಾನುಗಳಲ್ಲಿ ಎಷ್ಟೋ ವಸ್ತುಗಳ ಮೇಲೆ ಬರಹ ಇತ್ತು. ಬಾಚಿಯ ಮೇಲೆ, ಭರಣಿಯ ಮೇಲೆ, ಮುದ್ರೆಯ ಮೇಲೆ. ಮಾಆತ್‌ಕರೆ. ಹಟ್‌ಶೆಪ್ಸುಟ್. ಜೆಸೆರ್ ಜೆಸೆರು ದೇಗುಲಕ್ಕೆ ಹಗ್ಗ ಎಳೆದ ಸಂದರ್ಭದಲ್ಲಿ ತನ್ನ ತಂದೆ ಅಮುನ್ ದೇವರಿಗಾಗಿ ಅವಳು ಮಾಡಿಸಿದ್ದು ಎಂಬ ಅರ್ಥದ ಮಾತು ಭರಣಿಗಳ ಮೇಲಿದೆ. ‘ಅವಳು’ ಅಂತಲೇ ಇದೆ. ಒಂದು ಅಕ್ಷರವನ್ನೂ ಯಾರೂ ಉಜ್ಜಿಲ್ಲ. ಮೇಲೆ ಅಂಗಳದಲ್ಲಿ ಉಳಿ ಹಿಡಿದು ಅವಳ ಹೆಸರು ಕೆತ್ತಿ ತೆಗೆಯುತ್ತಿದ್ದವರ ಕಾಲ ಕೆಳಗೇ, ಅವಳದೇ ಉಳಿಯ ಮೇಲೆ ಅವಳ ಹೆಸರು ಸುಮ್ಮನೆ ಮಲಗಿತ್ತು. ನಾನು ಇದನ್ನು ತಿಳಿದ ದಿನ ರಾತ್ರಿ ಬಹಳ ಹೊತ್ತು ಅದೇ ಯೋಚನೆ ಮಾಡಿದೆ. ಗೋಡೆಯ ಮೇಲಿನ ಹೆಸರು ಜನ ನೋಡಲಿ ಅಂತ ಬರೆದದ್ದು, ಅದು ಜನರ ಕೈಗೂ ಸಿಕ್ಕಿತು. ಗುಂಡಿಯ ಹೆಸರು ದೇವರಿಗೆ ಅಂತ ಬರೆದದ್ದು. ಅದನ್ನು ಓದುವ ಮನುಷ್ಯ ಬರುತ್ತಾನೆ ಅಂತ ಅವಳಿಗೂ ಗೊತ್ತಿರಲಿಲ್ಲ.

2025ರ ಜನವರಿಯಲ್ಲೂ ಸುದ್ದಿ ಬಂತು. ಇದೇ ದೇವಸ್ಥಾನದ ದಾರಿಯ ಆ ಕೊನೆಯಲ್ಲಿ, ಹೊಲಗಳ ಕಡೆ ಇದ್ದ ಅವಳ ಕಣಿವೆ ದೇಗುಲದ ಪಾಯದ ಗುಂಡಿ ಸಿಕ್ಕಿದೆ. ಅದರಲ್ಲೂ ಬಾಚಿ, ಉಳಿ, ಮರದ ಕೊಡತಿ, ಇಟ್ಟಿಗೆ ಅಚ್ಚು.

ಹೀಗೆ ಆಳಿದ ಇನ್ನೊಬ್ಬ ಹೆಂಗಸು ತವೊಸ್ರೆಟ್. ಇವಳ ಕಾಲ ಸುಮಾರು ಕ್ರಿ.ಪೂ. 1188ರ ಆಸುಪಾಸು. ಇವಳ ಸಮಾಧಿಯನ್ನು ಮುಂದಿನ ರಾಜ ಸೆಟ್‌ನಖ್ತ್ ತಾನೇ ತೆಗೆದುಕೊಂಡು, ಇವಳ ಚಿತ್ರದ ಮೇಲೆ ಗಾರೆ ಮೆತ್ತಿಸಿದ. ಇವಳ ದೇವಸ್ಥಾನದ ಕಲ್ಲುಗಳನ್ನೂ ಜನ ಹೊತ್ತುಕೊಂಡು ಹೋದರು. ಗೋಡೆ ಇಲ್ಲ, ಕಂಬ ಇಲ್ಲ, ಬರೀ ಬಯಲು. 1896ರಲ್ಲಿ ಪೆಟ್ರಿ ಎಂಬ ಇಂಗ್ಲೆಂಡಿನ ವಿದ್ವಾಂಸ ಆ ಬಯಲಿನಲ್ಲಿ ಪಾಯದ ಗುರುತು ಹಿಡಿದು ಅಗೆದ. ಗುಂಡಿಗಳಲ್ಲಿ ನೀಲಿ ಹಸಿರು ಹೊಳಪಿನ ಫಯಾನ್ಸ್ ಹಲಗೆ, ಮುದ್ರೆ ಸಿಕ್ಕವು. (ಫಯಾನ್ಸ್ ಅಂದರೆ ನುಣ್ಣಗೆ ಅರೆದ ಮರಳಿನಿಂದ ಮಾಡಿ ಸುಟ್ಟ ಹೊಳಪಿನ ವಸ್ತು.) ಎಲ್ಲದರ ಮೇಲೂ ತವೊಸ್ರೆಟ್ ಹೆಸರು. ಅಲ್ಲೊಂದು ಗುಡಿ ಇತ್ತು, ಅದು ಇವಳದು ಎಂದು ಜಗತ್ತಿಗೆ ತಿಳಿದದ್ದೇ ಹಾಗೆ. ಪಾಯ ಹಾಕಿ ಕೆಲಸ ನಿಲ್ಲಿಸಿರಬೇಕು ಎಂದು ಪೆಟ್ರಿ ಎಣಿಸಿದ್ದ. 2004ರಿಂದ 2011ರವರೆಗೆ ಮತ್ತೆ ಅಗೆದಾಗ ಗುಡಿ ಹೆಚ್ಚುಕಡಿಮೆ ಪೂರ್ತಿಯಾಗಿತ್ತು ಎಂದು ತಿಳಿಯಿತು.

ಪಕ್ಕದಲ್ಲೇ ಸಿಪ್ತಾ ಎಂಬ ರಾಜನ ಗುಡಿಯ ಪಾಯದಲ್ಲಿ ಪೆಟ್ರಿಗೆ ರಾಜನ ಹೆಸರಿನ ಜೊತೆ ಬಾಯ್ ಎಂಬ ಮಂತ್ರಿಯ ಹೆಸರೂ ಸಿಕ್ಕಿತು. ರಾಜನ ಪಾಯದಲ್ಲಿ ಮಂತ್ರಿಯ ಹೆಸರು! ಎಷ್ಟು ಪ್ರಭಾವ ಇದ್ದಿರಬೇಕು. ಆ ಮಂತ್ರಿಯನ್ನು ರಾಜ ಶತ್ರು ಎಂದು ಕರೆದು ಕೊಲ್ಲಿಸಿದ ಎಂದು ಒಂದು ಮಡಕೆ ಚೂರಿನಂಥ ಬರಹದಿಂದ ತಿಳಿದಿದೆ. ಕೊಲ್ಲಿಸಿದ ಮೇಲೂ ಪಾಯ ಅಗೆದು ಅವನ ಹೆಸರು ತೆಗೆಯಲು ಆಗಲಿಲ್ಲ.

ಪತ್ತೇದಾರಿ ಕಥೆ ಇಷ್ಟಪಡುವವರಿಗೆ ಒಂದು ಮಾತು. ಟುಟಾಂಖಾಮನ್ ಸಮಾಧಿ ಕಂಡುಹಿಡಿದ ಹೊವಾರ್ಡ್ ಕಾರ್ಟರ್ ಹೆಸರು ನೀವು ಕೇಳಿರುತ್ತೀರಿ. 1903ರಲ್ಲಿ ಅವನು ರಾಜರ ಕಣಿವೆಯಲ್ಲಿ ಅಗೆಯುತ್ತಿದ್ದಾಗ ಮೊದಲು ಸಿಕ್ಕಿದ್ದು ಪಾಯದ ಗುಂಡಿ. ಸಮಾಧಿಗೂ ಗುಡಿಯ ಹಾಗೇ ಪಾಯದ ಗುಂಡಿ ಇಡುವ ಪದ್ಧತಿ ಇತ್ತು. ಅದರೊಳಗಿನ ಹಲಗೆಗಳ ಮೇಲೆ ನಾಲ್ಕನೇ ಥುಟ್‌ಮೋಸ್ ಹೆಸರು. ಸಮಾಧಿಯ ಬಾಗಿಲು ಕಾಣುವ ಮುಂಚೆಯೇ ಒಳಗೆ ಯಾರು ಅಂತ ಗೊತ್ತಾಯಿತು. 1915ರಲ್ಲಿ ಇನ್ನೂ ತಮಾಷೆ. ಮೂರನೇ ಅಮೆನ್‌ಹೋಟೆಪ್ ರಾಜನ ಸಮಾಧಿಯ ಮುಂದಿನ ಗುಂಡಿಗಳನ್ನು ಕಾರ್ಟರ್ ತೆಗೆದರೆ ಅಲ್ಲಿ ಅವನ ಅಪ್ಪ ನಾಲ್ಕನೇ ಥುಟ್‌ಮೋಸನ ಹೆಸರೇ! ಅಂದರೆ ಅಪ್ಪ ತೋಡಿಸಲು ಶುರು ಮಾಡಿದ ಸಮಾಧಿಯಲ್ಲಿ ಮಗ ಮಲಗಿದ್ದ. ಮೇಲಿನ ಗೋಡೆಗಳನ್ನಷ್ಟೇ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ.

ದೇವಸ್ಥಾನದ ಕೆಳಗೆ ಸಿಕ್ಕಿದ್ದೆಲ್ಲ ಪಾಯದ ಗುಂಡಿ ಅಲ್ಲ ಎಂಬುದನ್ನೂ ಹೇಳಬೇಕು. ಕಾರ್ನಾಕ್ ದೇವಸ್ಥಾನದ ಅಂಗಳದ ಕೆಳಗೆ 1903ರಿಂದ 1907ರವರೆಗೆ ಲೆಗ್ರಾನ್ ಎಂಬವರು ಅಗೆದು 700ಕ್ಕೂ ಹೆಚ್ಚು ಕಲ್ಲಿನ ವಿಗ್ರಹ, ಸುಮಾರು 17,000 ಕಂಚಿನ ವಿಗ್ರಹ ತೆಗೆದರು. ಕೆಲಸಗಾರರು ಕೆಸರು ನೀರಿನಲ್ಲಿ ನಿಂತು ಎತ್ತಿದ್ದಾರೆ. ಅವು ಪೂಜೆಯಲ್ಲಿ ಹಳತಾದ ವಿಗ್ರಹಗಳು. ದೇವರಿಗೆ ಅರ್ಪಿಸಿದ್ದನ್ನು ಹೊರಗೆ ಎಸೆಯಬಾರದು ಅಂತ ಅಂಗಳದಲ್ಲೇ ಹೂಳಿದ್ದರು. ನಿಧಿ ಎಂದು ಹೇಳಬಹುದಾದದ್ದೂ ಒಂದಿದೆ, ಸುಳ್ಳು ಹೇಳಬಾರದು. 1936ರಲ್ಲಿ ತೋದ್ ಎಂಬಲ್ಲಿ ಗುಡಿಯ ನೆಲದ ಕೆಳಗೆ ನಾಲ್ಕು ತಾಮ್ರದ ಪೆಟ್ಟಿಗೆ ಸಿಕ್ಕವು. ಎರಡನೇ ಅಮೆನೆಮ್‌ಹಾಟ್ ರಾಜನ ಹೆಸರು ಇದ್ದವು. ಒಳಗೆ ಬೆಳ್ಳಿಯ ಬಟ್ಟಲುಗಳು, ಚಿನ್ನದ ಗಟ್ಟಿ, ದೂರದ ಅಫ್ಘಾನಿಸ್ತಾನದ ಬೆಟ್ಟದಿಂದ ಬಂದ ನೀಲಿ ಕಲ್ಲು. ನಿಧಿಯವರಿಗೆ ಇಷ್ಟು ಸಾಕು.

2019ರಲ್ಲಿ ಅಬೈಡೋಸ್ ಎಂಬಲ್ಲಿ ಎರಡನೇ ರಾಮ್ಸೆಸ್ ಗುಡಿಯ ಮೂಲೆಯಲ್ಲಿ ಪಾಯದ ಗುಂಡಿ ಕಂಡಿತು. ಆಹಾರದ ನೈವೇದ್ಯ, ತಾಮ್ರದ ಪುಟ್ಟ ಪುಟ್ಟ ಉಪಕರಣ, ಬರಹ ಇರುವ ಕುಡಿಕೆ, ಅರೆಯುವ ಕಲ್ಲು, ರಾಜನ ಹೆಸರಿನ ಹಲಗೆ. ಹಟ್‌ಶೆಪ್ಸುಟ್ ಕಾಲದಿಂದ ಇನ್ನೂರು ವರ್ಷ ಕಳೆದರೂ ಪಟ್ಟಿ ಹೆಚ್ಚು ಬದಲಾಗಿಲ್ಲ.

ಗ್ರೀಕರು ಬಂದು ಈಜಿಪ್ಟನ್ನು ಆಳಿದಾಗಲೂ ಈ ಪದ್ಧತಿ ಬಿಡಲಿಲ್ಲ. ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಮೂರನೇ ಟಾಲೆಮಿ ಎಂಬ ಗ್ರೀಕ್ ವಂಶದ ರಾಜ ಸೆರಾಪಿಸ್ ದೇವರಿಗೆ ಗುಡಿ ಕಟ್ಟಿಸಿದ. ಕ್ರಿ.ಶ. 391ರ ಸುಮಾರಿಗೆ ಗಲಭೆಯಲ್ಲಿ ಆ ಗುಡಿ ನಾಶವಾಯಿತು. ಕಲ್ಲುಗಳನ್ನೂ ಕಿತ್ತು ಒಯ್ದರು. ಇದನ್ನು ಕಟ್ಟಿಸಿದವರು ಯಾರು ಎಂಬುದೇ ವಾದವಾಗಿತ್ತು. 1943ರಲ್ಲಿ ಅಲನ್ ರೋ ಎಂಬವರು ಮೂಲೆಯ ಗುಂಡಿ ತೆರೆದರು. ಹತ್ತು ಹಲಗೆಗಳು ಇದ್ದವು. ಚಿನ್ನದ್ದು, ಬೆಳ್ಳಿಯದು, ಕಂಚಿನದು, ಫಯಾನ್ಸಿನದು, ಗಾಜಿನವು, ನೈಲ್ ನದಿಯ ಮಣ್ಣಿನದೂ ಒಂದು. ಬರಹ ಎರಡು ಲಿಪಿಯಲ್ಲಿ, ಗ್ರೀಕ್ ಮತ್ತು ಈಜಿಪ್ಟಿನ ಚಿತ್ರಲಿಪಿ. ಟಾಲೆಮಿಯ ಮಗ ಟಾಲೆಮಿ ಸೆರಾಪಿಸ್ ದೇವರಿಗೆ ಈ ಗುಡಿ ಮತ್ತು ಅಂಗಳ ಕಟ್ಟಿಸಿದನೆಂದು ಅದರ ಅರ್ಥ. ಹತ್ತೂ ಹಲಗೆ ಒಂದೇ ಗುಂಡಿಯಲ್ಲಿ, ಚಿನ್ನದ ಜೊತೆಗೇ ಮಣ್ಣಿನದೂ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಇತ್ತು.

ಮುಂದಿನ ತಿಂಗಳ ಪತ್ರಿಕೆಗೆ ಕಾರ್ತೂಷ್ ಒಳಗೆ ಹೆಸರು ಬರೆಯುವ ಚಿತ್ರಲಿಪಿಯ ಅಕ್ಷರಗಳನ್ನು ಬಿಡಿಸುತ್ತಿದ್ದೇನೆ. ತಮ್ಮ ಹೆಸರು ಬರೆಸಿಕೊಳ್ಳಬೇಕು ಅನ್ನುವವರು ಶನಿವಾರ ಬಿಳಿ ಹಾಳೆ ತಂದುಕೊಡಿ. ಗೆರೆ ಹಾಕಿದ ಹಾಳೆ ಬೇಡ.